ಮನೆಮಂದಿಯ ಹತ್ತು ಕಿಲೋಮೀಟರ್

ಬೆಂಗಳೂರಿನ ವರ್ಲ್ಡ್ 10ಕೆ ಓಟ ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ ಕೊನೆಯ ಭಾನುವಾರ ನಡೆಯುತ್ತಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಹೊರಡುವವರಿಗೆ ಮಾತ್ರ ಅದು ಶುಕ್ರವಾರವೇ ಶುರು. ಎದೆಗೆ ಚುಚ್ಚಿಕೊಳ್ಳುವ ಬಿಬ್ ಓಟದ ದಿನ ಸಿಗುವುದಿಲ್ಲ, ಮೊದಲೇ ಹೋಗಿ ತಂದುಕೊಳ್ಳಬೇಕು. ಹಾಗಾಗಿ ರಾತ್ರಿ ಸಾಗರ ಜಂಬಗಾರು ನಿಲ್ದಾಣದಲ್ಲಿ ತಾಳಗುಪ್ಪ–ಮೈಸೂರು ರೈಲು ಹತ್ತುವುದು, ಇಲ್ಲವೇ ತೀರ್ಥಹಳ್ಳಿಯಿಂದ ರಾತ್ರಿ ಬಸ್ಸು ಹಿಡಿಯುವುದು, ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವುದು. ಚೀಲದಲ್ಲಿ ಓಟದ ಶೂ, ಎರಡು ಜೊತೆ ಬಟ್ಟೆ, ನೆಂಟರ ಮನೆಗೆಂದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಕಟ್ಟು.

ಇಳಿದುಕೊಳ್ಳುವುದು ತಮ್ಮನ ಮನೆಯಲ್ಲೋ ಚಿಕ್ಕಮ್ಮನ ಮಗಳ ಬಾಡಿಗೆ ಮನೆಯಲ್ಲೋ. ಅವರೂ ಹೆಸರು ಕೊಟ್ಟಿರುತ್ತಾರೆ. ಮಲೆನಾಡಿನ ಎಳೆಯರಲ್ಲಿ ಬಹಳಷ್ಟು ಮಂದಿ ರಾಜಧಾನಿ ಸೇರಿಬಿಟ್ಟಿರುವ ಈ ಕಾಲದಲ್ಲಿ, ಮದುವೆ-ಮುಂಜಿ ಬಿಟ್ಟರೆ ಅಣ್ಣತಮ್ಮಂದಿರ ಮಕ್ಕಳೆಲ್ಲ ಒಟ್ಟಿಗೆ ಸೇರುವ ಸಂದರ್ಭಗಳೇ ಕಡಿಮೆ. ಶನಿವಾರ ರಾತ್ರಿ ಊಟ ಮುಗಿಸಿ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಸಿ, ಬಿಬ್ಬಿನ ನಾಲ್ಕು ಮೂಲೆಗೆ ನಾಲ್ಕು ಸೇಫ್ಟಿ ಪಿನ್ ಸರಿಯಾಗಿ ಬಿತ್ತೇ ಎಂದು ಒಬ್ಬರದನ್ನು ಇನ್ನೊಬ್ಬರು ನೋಡುತ್ತಾರೆ. ಅಮ್ಮನ ಬಿಬ್ ಸೊಟ್ಟಗಿದೆ ಎಂದು ಮಗಳು ಬಿಚ್ಚಿ ಮತ್ತೆ ಚುಚ್ಚುತ್ತಾಳೆ. ಬಿಬ್ಬಿನ ಹಿಂದೆ ಅಂಟಿಸಿದ ತೆಳ್ಳನೆಯ ಪಟ್ಟಿಯೇ ಟೈಮಿಂಗ್ ಚಿಪ್, ಅದನ್ನು ಮಡಚಬಾರದು ಎಂದು ಹೇಳಿಕೊಡುವುದೂ ಅವಳೇ.

ಈ ಓಟ ಮೊದಲು ನಡೆದದ್ದು 2008ರ ಮೇ ತಿಂಗಳಲ್ಲಿ. ಆ ವರ್ಷ ಪುರುಷರಲ್ಲಿ ಗೆದ್ದವನು ಎರಿಟ್ರಿಯಾದ ಜೆರ್ಸೆನೆ ತಡೆಸೆ, ಅರ್ಧ ಮ್ಯಾರಥಾನ್‌ನಲ್ಲಿ ಮತ್ತೆ ಮತ್ತೆ ವಿಶ್ವ ಚಾಂಪಿಯನ್ ಆದವನು. 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ ಇದೇ ರಸ್ತೆಗಳಲ್ಲಿ 27 ನಿಮಿಷ 38 ಸೆಕೆಂಡಿಗೆ ಓಟ ಮುಗಿಸಿದ. ಅದೇ ದಿನ ಐರೀನ್ ಚೆಪ್ಟಾಯ್ ಮಹಿಳೆಯರಲ್ಲಿ 30 ನಿಮಿಷ 35 ಸೆಕೆಂಡಿನ ಕೂಟ ದಾಖಲೆ ಬರೆದಳು. ಕಿಮೆಲಿಯ ಲೆಕ್ಕ ಕಿಲೋಮೀಟರಿಗೆ ಎರಡೂ ಮುಕ್ಕಾಲು ನಿಮಿಷ. ಕ್ರಿಕೆಟ್ ಪ್ರೇಮಿ ಎಷ್ಟೇ ಆಸೆಪಟ್ಟರೂ ವಿಶ್ವಕಪ್ ನಡೆಯುವ ಪಿಚ್ಚಿಗೆ ಅದೇ ದಿನ ಬ್ಯಾಟ್ ಹಿಡಿದು ಇಳಿಯಲಾರ. ರಸ್ತೆ ಓಟದಲ್ಲಿ ಅದು ಸಾಧ್ಯ. ಒಲಿಂಪಿಕ್ಸ್‌ಗೆ ಹೋಗುವವರು ಓಡುವ ದಾರಿಯಲ್ಲೇ, ಅದೇ ಬೆಳಿಗ್ಗೆ, ಹೊಸನಗರದ ಅಡಿಕೆ ಬೆಳೆಗಾರನೂ ಅವನ ಹೆಂಡತಿಯೂ ಓಡುತ್ತಾರೆ. ಇಷ್ಟು ಉದಾರವಾದ ಆಟ ಬೇರೆ ಹೆಚ್ಚಿಲ್ಲ.

ಹತ್ತೇ ಕಿಲೋಮೀಟರ್ ಏಕೆ? ಐದು ಕಿ.ಮೀ. ಬೇಗ ಮುಗಿದುಹೋಗುತ್ತದೆ, ಮಾತು ಶುರುವಾಗುವಷ್ಟರಲ್ಲಿ ಗೆರೆ ಬಂದಿರುತ್ತದೆ. ಇಪ್ಪತ್ತೊಂದು ಕಿ.ಮೀ.ಯ ಅರ್ಧ ಮ್ಯಾರಥಾನ್‌ಗೆ ತಿಂಗಳುಗಟ್ಟಲೆ ತಯಾರಿ ಬೇಕು, ಮನೆಯಲ್ಲಿ ಒಬ್ಬಿಬ್ಬರಿಗೆ ಮಾತ್ರ ಆದೀತು. ಹತ್ತು ಕಿಲೋಮೀಟರ್ ಆರೋಗ್ಯವಂತರಾದ ಯಾರಿಗಾದರೂ ನಿಲುಕುವಂಥದ್ದು, ಆದರೆ ತಯಾರಿಯಿಲ್ಲದೆ ಸುಲಭವಾಗಿ ದಕ್ಕುವಂಥದ್ದಲ್ಲ. ಕಿಲೋಮೀಟರಿಗೆ ಏಳು ನಿಮಿಷದಂತೆ ಹೋದರೆ 70 ನಿಮಿಷ, ಒಂಬತ್ತರಂತೆ ಹೋದರೆ ಒಂದೂವರೆ ಗಂಟೆ. ಓಟವನ್ನೇ ಬಿಟ್ಟು ಬಿರುಸಾಗಿ ನಡೆದರೂ ನೂರು ನಿಮಿಷದಲ್ಲಿ ತಲುಪಬಹುದು. ದೇಹದ ಲೆಕ್ಕವೂ ಕೂಡಿಬರುತ್ತದೆ. ಅರವತ್ತು ಕೆ.ಜಿ. ತೂಕದವರು ಹತ್ತು ಕಿ.ಮೀ. ಓಡಿದರೆ ಸುಮಾರು 600 ಕಿಲೋಕ್ಯಾಲರಿ ಖರ್ಚಾಗುತ್ತದೆ. ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ದಾಸ್ತಾನು ಇದರ ಎರಡು-ಮೂರು ಪಟ್ಟು. ಮ್ಯಾರಥಾನ್ ಓಟಗಾರರು ಮೂವತ್ತು ಕಿ.ಮೀ. ದಾಟಿದ ಮೇಲೆ ಸೋತು ಕುಸಿಯುವಂತೆ ಇಲ್ಲಿ ಕುಸಿಯುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ದುಬಾರಿ ಜೆಲ್ ಪೊಟ್ಟಣಗಳೂ ಬೇಡ. ಓಟಕ್ಕೆ ಮೊದಲು ಒಂದು ಬಾಳೆಹಣ್ಣು, ಮುಗಿದ ಮೇಲೆ ಮಲೆನಾಡಿನ ಜಗಲಿಯಲ್ಲಿ ಬಂದವರಿಗೆ ಆಸರಿಗೆಂದು ಕೊಡುವ ಬೆಲ್ಲ-ನೀರು, ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ ಸಾಕು.

ಒಟ್ಟಿಗೆ ಓಡಲು ಹೊರಟವರು ಮೊದಲು ಮಾಡಿಕೊಳ್ಳಬೇಕಾದ ತೀರ್ಮಾನ ಒಂದೇ: ಎಲ್ಲರಿಗಿಂತ ನಿಧಾನ ಯಾರೋ ಅವರ ವೇಗವೇ ಗುಂಪಿನ ವೇಗ. ಹೇಳಿದಷ್ಟು ಸುಲಭವಲ್ಲ ಇದು. ಓಟ ಶುರುವಾದ ಕೂಡಲೇ ಸಾವಿರಾರು ಕಾಲುಗಳ ಸದ್ದು, ಡೊಳ್ಳು, ಚಪ್ಪಾಳೆ, ಎಲ್ಲ ಸೇರಿ ಇಪ್ಪತ್ತರ ಹುಡುಗನ ಕಾಲು ತಾನಾಗಿ ಮುಂದೆ ಓಡುತ್ತದೆ. ಅವನನ್ನು ಹಿಡಿದು ನಿಲ್ಲಿಸುವುದೇ ಮೊದಲ ಎರಡು ಕಿಲೋಮೀಟರಿನ ಕೆಲಸ. ಓಟದ ತರಬೇತುದಾರರು ಹೇಳುವ ಹಳೆಯ ಪರೀಕ್ಷೆಯೊಂದಿದೆ: ಓಡುತ್ತ ಪೂರ್ತಿ ವಾಕ್ಯ ಆಡಲು ಬಂದರೆ ವೇಗ ಸರಿ, ಎರಡು ಪದಕ್ಕೊಮ್ಮೆ ಉಸಿರು ಕಟ್ಟಿದರೆ ಹೆಚ್ಚಾಯಿತು. ಮನೆಮಂದಿಯ ಓಟಕ್ಕೆ ಇದಕ್ಕಿಂತ ಒಳ್ಳೆಯ ಗಡಿಯಾರವಿಲ್ಲ. ಅಮ್ಮ ಮಾತಾಡುತ್ತಿದ್ದಾಳೆ ಎಂದರೆ ಎಲ್ಲ ಸರಿಯಾಗಿದೆ. ಅವಳು ಸುಮ್ಮನಾದರೆ ಎಲ್ಲರೂ ನಿಧಾನವಾಗಬೇಕು.

ಹಾಗೆ ಹೋದವರ ಫಲಿತಾಂಶ ಪಟ್ಟಿ ನೋಡುವುದೇ ಒಂದು ಸುಖ. ಬಂದೂಕಿನ ಸದ್ದಿನಿಂದ ಎಣಿಸುವ ಸಮಯ ಒಂದು, ನೀವು ಆರಂಭದ ಗೆರೆ ತುಳಿದಾಗಿನಿಂದ ಚಿಪ್ ಎಣಿಸುವ ಸಮಯ ಇನ್ನೊಂದು. ಗುಂಪಿನ ಹಿಂದೆ ನಿಂತವರು ಗೆರೆ ಮುಟ್ಟುವುದಕ್ಕೇ ಹಲವು ನಿಮಿಷ ಹಿಡಿಯುತ್ತದೆ, ಆದ್ದರಿಂದ ಚಿಪ್ಪಿನ ಲೆಕ್ಕವೇ ನ್ಯಾಯದ್ದು. ಪಟ್ಟಿಯಲ್ಲಿ ಒಂದೇ ಮನೆತನದ ಹೆಸರಿನ ಮೂವರು ಒಂದೊಂದು ಸೆಕೆಂಡಿನ ಅಂತರದಲ್ಲಿ ಒಬ್ಬರ ಕೆಳಗೊಬ್ಬರು ಇದ್ದರೆ, ಅವರು ಕೈಹಿಡಿದು ಗೆರೆ ದಾಟಿದ್ದಾರೆ ಎಂದು ಊಹಿಸಬಹುದು.

ಐವತ್ತು ದಾಟಿದ ಹೆಂಗಸರು ಈ ಗುಂಪುಗಳಲ್ಲಿ ಇರುವುದು ದೊಡ್ಡ ಸಂಗತಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಬಂದದ್ದು 1984ರಲ್ಲಿ, 10,000 ಮೀಟರ್ ಓಟ ಬಂದದ್ದು 1988ರ ಸೋಲ್ ಕೂಟದಲ್ಲಿ. ಅಂದರೆ ಇಂದು ಮಗಳ ಜೊತೆ ಓಡುತ್ತಿರುವ ತಾಯಿ ಸಾಗರದಲ್ಲೋ ರಿಪ್ಪನ್‌ಪೇಟೆಯಲ್ಲೋ ಹೈಸ್ಕೂಲು ಓದುತ್ತಿದ್ದಾಗ, ಈ ದೂರವನ್ನು ಹೆಂಗಸರು ಓಡಬಲ್ಲರು ಎಂದು ಜಗತ್ತೇ ಪೂರ್ತಿ ಒಪ್ಪಿರಲಿಲ್ಲ. 2024ರ ಜನವರಿಯಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಕೆನ್ಯಾದ ಆಗ್ನೆಸ್ ಎನ್ಗೆಟಿಚ್ ರಸ್ತೆಯ ಮೇಲೆ ಹತ್ತು ಕಿಲೋಮೀಟರನ್ನು 28 ನಿಮಿಷ 46 ಸೆಕೆಂಡಿನಲ್ಲಿ ಓಡಿ ಮುಗಿಸಿದಳು. ಒಂದು ಹೆಣ್ಣು ಅಷ್ಟು ದೂರವನ್ನು 29 ನಿಮಿಷದೊಳಗೆ ಓಡಿದ್ದು ಅದೇ ಮೊದಲು. ತಾಯಂದಿರಿಗೆ ಆ ವೇಗ ಬೇಕಿಲ್ಲ. ಅವರಿಗೆ ಬೇಕಾದದ್ದು ಭಾನುವಾರ ಬೆಳಗಿನ ಎರಡು ಗಂಟೆ, ದನ-ಕರು ಮತ್ತು ತಿಂಡಿಯ ಜವಾಬ್ದಾರಿಯನ್ನು ಆ ಹೊತ್ತಿಗೆ ಬೇರೊಬ್ಬರು ಹೊತ್ತುಕೊಳ್ಳುವ ವ್ಯವಸ್ಥೆ. ಮನೆಯ ಗಂಡಸರು ಮಾಡಬಹುದಾದ ಅತಿ ಉಪಯುಕ್ತ ತರಬೇತಿ ಇದೇ.

ಕರ್ನಾಟಕಕ್ಕೆ ದೂರದ ಓಟ ಹೊಸತೇನಲ್ಲ. ಭಾರತ 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಮೊದಲ ತಂಡ ಕಳಿಸಿದಾಗ ಅದರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು. ಆ ಹೆಸರು ಶಾಲೆಯ ಪಾಠಗಳಲ್ಲಿ ಇನ್ನೂ ಹೆಚ್ಚು ಕೇಳಬೇಕಿತ್ತು. ಇನ್ನು ಮಲೆನಾಡಿನಲ್ಲಿ ರಸ್ತೆ ಬರುವ ಮೊದಲು ಕಾಲೇ ವಾಹನ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ 1967ರಲ್ಲಿ ಬಂತು. ಅದರ ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ಸವೆಸುವ ಪರಿ ಓದಿದವರಿಗೆ, ಈ ಸೀಮೆಯವರಿಗೆ ಹತ್ತು ಕಿ.ಮೀ. ಎಂಬುದು ಒಂದು ಸಂದೇಶ ಮುಟ್ಟಿಸುವ ದೂರವಾಗಿತ್ತು ಎಂದು ಗೊತ್ತು. ಈಗಲೂ ತಾಲ್ಲೂಕು ಮಟ್ಟದ ಶಾಲಾ-ಕಾಲೇಜು ಕ್ರೀಡಾಕೂಟಗಳಲ್ಲಿ ಗುಡ್ಡಗಾಡು ಓಟ ಇದೆ, ಬರಿಗಾಲಲ್ಲಿ ಓಡಿ ಗೆಲ್ಲುವ ಮಕ್ಕಳಿದ್ದಾರೆ. ಮಳೆಗಾಲದಲ್ಲಿ ಗದ್ದೆಗೆ ನೀರು ನಿಂತಾಗ ಊರೂರಿನಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರೂ ಅಲ್ಲಿ ಇಳಿಯುತ್ತಾರೆ, ಬಿದ್ದವರೇ ಹೆಚ್ಚು ಚಪ್ಪಾಳೆ ಪಡೆಯುತ್ತಾರೆ. ಆ ಉಮೇದನ್ನು ಟಾರು ರಸ್ತೆಗೆ ತರುವುದಷ್ಟೇ ಬಾಕಿ.

ಅಭ್ಯಾಸಕ್ಕೆ ಈ ಮೂರು ತಾಲ್ಲೂಕಿಗಿಂತ ಕಠಿಣವಾದ, ಚಂದವಾದ ಜಾಗ ಸಿಗುವುದು ಕಷ್ಟ. ಸಾಗರದಿಂದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಡೆಗೆ, ವರದಾ ನದಿ ಹುಟ್ಟುವ ವರದಾಮೂಲದ ಕಡೆಗೆ, ಭೀಮನಕೋಣೆ ಮೇಲೆ ನೀನಾಸಮ್‌ನ ಹೆಗ್ಗೋಡಿನ ಕಡೆಗೆ ಹೋಗುವ ರಸ್ತೆಗಳು ಬೆಳಿಗ್ಗೆ ಆರಕ್ಕೆ ಬಹುತೇಕ ಖಾಲಿ. ಚಳಿಗಾಲದಲ್ಲಿ ಮಂಜು ಎಷ್ಟು ದಟ್ಟ ಎಂದರೆ ಮುಂದೆ ಓಡುವ ಅಣ್ಣ ಕಾಣುವುದಿಲ್ಲ, ಶೂ ಸದ್ದು ಮಾತ್ರ ಕೇಳುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆ ದಾಟಿ ಕುಪ್ಪಳಿಯ ಕಡೆಗೆ ಹೊರಟರೆ ಚಡಾವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಚಡಾವು. ಇಲ್ಲಿ ಕಿಲೋಮೀಟರಿಗಿಷ್ಟು ನಿಮಿಷ ಎಂಬ ನಗರದ ಲೆಕ್ಕ ಕೆಲಸಕ್ಕೆ ಬಾರದು. ಏರಿನಲ್ಲಿ ಹೆಜ್ಜೆ ಚಿಕ್ಕದಾಗಬೇಕು, ಉಸಿರು ಮಾತ್ರ ಒಂದೇ ಲಯದಲ್ಲಿರಬೇಕು. ಇಳಿಜಾರಿನಲ್ಲಿ ಹಿಮ್ಮಡಿ ಊರಿ ಧಡಧಡ ಇಳಿದರೆ ಮಂಡಿ ದೂರು ಹೇಳುವುದು ಮರುದಿನ. ಹೀಗೆ ಮಲೆನಾಡಿನಲ್ಲಿ ಪಳಗಿದವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕ್ ಸುತ್ತಿನ ಏರಿಳಿತ ಅಷ್ಟೇನೂ ಅನಿಸುವುದಿಲ್ಲ.

ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಬೇಕು. ತಿರುವುಗಳೇ ಹೆಚ್ಚಿರುವಲ್ಲಿ ಇದು ಪ್ರಾಣದ ಪ್ರಶ್ನೆ.

ಕಾಡಿನ ಕಾಲುದಾರಿ ಎಷ್ಟೇ ಕರೆದರೂ ಡಿಸೆಂಬರಿನಿಂದ ಮೇ ತನಕ ಡಾಂಬರು ಬಿಟ್ಟು ಇಳಿಯದಿರುವುದು ಲೇಸು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ತಿಂಗಳುಗಳಲ್ಲೇ ಕಾಡುವುದು. ಅದನ್ನು ಹರಡುವ ಉಣುಗಿನ ಮರಿಗಳು ಒಣ ತರಗೆಲೆಯ ನಡುವೆ ಇರುತ್ತವೆ, ಕಚ್ಚಿದ್ದೇ ಗೊತ್ತಾಗದಷ್ಟು ಚಿಕ್ಕವು. ಸಾಗರ ತಾಲ್ಲೂಕಿನ ಅರಳಗೋಡಿನವರು 2019ರ ಆರಂಭದಲ್ಲಿ ಪಟ್ಟ ಸಂಕಟವನ್ನು ಇಲ್ಲಿಯ ಯಾರೂ ಮರೆತಿಲ್ಲ. ನಗರದಿಂದ ಬಂದ ಓಟಗಾರ ಗೆಳೆಯರಿಗೆ ಇದನ್ನು ಮೊದಲೇ ಹೇಳಬೇಕು. ಕಾಡಂಚಿಗೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೇ ಹಾಕಬೇಕು.

ಹಾಗಾದರೆ ಇಲ್ಲಿಯೇ ಒಂದು ಓಟ ಏಕಾಗಬಾರದು? ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಐವತ್ತು ಕಿ.ಮೀ.ಗೂ ಮೀರಿದ ದೂರಗಳನ್ನು ಓಡಲು ದೂರದೂರದಿಂದ ಜನ ಬರುತ್ತಾರೆ. ಅದು ಗಟ್ಟಿಗರ ಓಟ. ಮನೆಮಂದಿಗೆ ಬೇಕಾದದ್ದು ಹತ್ತು ಕಿಲೋಮೀಟರ್. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಎರಡು ಒಲಿಂಪಿಕ್ ಚಿನ್ನ ಗೆದ್ದವನು, ಬಾಲ್ಯದಲ್ಲಿ ಹತ್ತು ಕಿ.ಮೀ. ಓಡಿಯೇ ಶಾಲೆಗೆ ಹೋಗುತ್ತಿದ್ದವನು. ಅವನು 2001ರಲ್ಲಿ ಅಡಿಸ್ ಅಬಾಬಾದಲ್ಲಿ ತನ್ನ ಜನರಿಗಾಗಿ ಆರಂಭಿಸಿದ ಗ್ರೇಟ್ ಇಥಿಯೋಪಿಯನ್ ರನ್ ದೂರವೂ ಹತ್ತು ಕಿಲೋಮೀಟರೇ. ಅಮೆರಿಕದ ಅಟ್ಲಾಂಟಾದಲ್ಲಿ 1970ರ ಜುಲೈ 4ರಂದು 110 ಮಂದಿಯಿಂದ ಶುರುವಾದ ಪೀಚ್‌ಟ್ರೀ ಓಟವೂ ಇದೇ ದೂರದ್ದು. ಇಂದು ಅಲ್ಲಿ ಹತ್ತಾರು ಸಾವಿರ ಮಂದಿ ಓಡುತ್ತಾರೆ. ನೂರಹತ್ತು ಮಂದಿಯನ್ನು ಸಾಗರದ ಒಂದು ಕಾಲೇಜೇ ಒಟ್ಟುಮಾಡೀತು.

ಮಾಡುವುದಾದರೆ ಅಳತೆ ಸರಿಯಿರಲಿ. ಸಣ್ಣ ಊರುಗಳ ಓಟಗಳಲ್ಲಿ ಬೈಕಿನ ಮೀಟರ್ ನೋಡಿ ಹತ್ತು ಕಿ.ಮೀ. ಎಂದುಬಿಡುವ ರೂಢಿ ಇದೆ. ರಸ್ತೆ ಓಟದ ಪ್ರಮಾಣಿತ ಅಳತೆ ಮಾಡುವುದು ಸೈಕಲ್ಲಿನಲ್ಲಿ. ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಉಪಕರಣ ಕೂರಿಸಿ, ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ದಾರಿಯಲ್ಲಿ ಸೈಕಲ್ ಓಡಿಸಿ ತಾಳೆ ನೋಡುತ್ತಾರೆ. ಆಮೇಲೆ ಓಟಗಾರ ಓಡಬಹುದಾದ ಅತಿ ಹತ್ತಿರದ ಗೆರೆ ಹಿಡಿದು, ತಿರುವಿನ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಸಾಗುತ್ತಾರೆ. ದೂರ ಕಡಿಮೆ ಬೀಳದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ, ಅಂದರೆ ಹತ್ತು ಕಿ.ಮೀ.ಗೆ ಹತ್ತು ಮೀಟರ್. ಮಲೆನಾಡಿನ ಹಾವಿನಂಥ ರಸ್ತೆಯಲ್ಲಿ ಈ ಹತ್ತಿರದ ಗೆರೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊರಳುತ್ತ ಹೋಗುತ್ತದೆ. ಒಂದೇ ಬದಿ ಹಿಡಿದು ಓಡಿದವರು ಹೆಚ್ಚು ದೂರ ಓಡಿರುತ್ತಾರೆ. ಜೊತೆಗೆ ಮರಗಳ ಕೆಳಗೆ ಕೈಗಡಿಯಾರದ ಜಿಪಿಎಸ್ ಅತ್ತಿತ್ತ ಜಿಗಿಯುತ್ತದೆ. ಓಟ ಮುಗಿದ ಮೇಲೆ ಮಾವನ ವಾಚಿನಲ್ಲಿ 10.2, ಅಳಿಯನ ವಾಚಿನಲ್ಲಿ 9.9 ಎಂದು ಬರುವ ಚರ್ಚೆಗೆ ಕಾರಣ ಇವೆರಡೇ.

ದಾರಿಯ ಆಯ್ಕೆಗೂ ನಿಯಮವಿದೆ. ದಾಖಲೆಗೆ ಪರಿಗಣಿಸಬೇಕಾದರೆ ಆರಂಭಕ್ಕಿಂತ ಮುಕ್ತಾಯ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಕೆಳಗಿರಬಾರದು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವುಗಳಲ್ಲಿ ಇಳಿದು ಯಾರಾದರೂ ಅದ್ಭುತ ಸಮಯ ತೋರಿಸಿದರೆ ಅದು ಲೆಕ್ಕಕ್ಕಿಲ್ಲ. ಹೋಗಿ ಅದೇ ದಾರಿಯಲ್ಲಿ ಮರಳುವ ಓಟವೇ ವಾಸಿ. ಮುಂದೆ ಹೋದವರಿಗೆ ಹಿಂದೆ ಬರುವವರು ಎದುರಾಗುತ್ತಾರೆ, ತಂಗಿ ಅಣ್ಣನಿಗೆ ಕೈ ತಟ್ಟಿ ಹೋಗುತ್ತಾಳೆ. ಈಗ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ನಿಂತಿದೆ, ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದ ದಶಕಗಳು ಮುಗಿದವು. ಒಮ್ಮೆ ಹೋಗಿ ಬಂದರೆ ಐದು ಕಿ.ಮೀ.ಗೆ ಹತ್ತಿರ, ಎರಡು ಬಾರಿಗೆ ಹತ್ತಿರ ಹತ್ತಿರ ಹತ್ತು. ಇಡೀ ಮಲೆನಾಡಿನಲ್ಲಿ ಇಷ್ಟು ದೂರ ಏರಿಲ್ಲದ ರಸ್ತೆ ಇದೊಂದೇ ಇರಬೇಕು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳ ಮೊಮ್ಮಕ್ಕಳು ಆ ನೀರಿನ ಮೇಲೆ ಓಡುವುದನ್ನು ನೋಡಬೇಕು. ಸಿಗಂದೂರಿಗೆ ಹೋಗುವ ಭಕ್ತರ ವಾಹನಗಳನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆ ತಡೆಯಲು ಆಗುವುದಿಲ್ಲ ಎಂದಾದರೆ ಒಂದು ಬದಿಯನ್ನಾದರೂ ಬಿಟ್ಟುಕೊಡಬಹುದು.

ಕಾಲ ಯಾವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊನೆಕೊಯ್ಲು, ಬೇಯಿಸುವುದು, ಒಣಗಿಸುವುದು. ಆಗ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್ ಬಂತೆಂದರೆ ಮಕ್ಕಳ ಪರೀಕ್ಷೆ, ಆಮೇಲೆ ಮದುವೆ, ಜಾತ್ರೆ. ಉಳಿಯುವುದು ಎರಡೇ ಕಿಂಡಿ: ಭೂಮಿ ಹುಣ್ಣಿಮೆಯ ಆಸುಪಾಸಿನ ಅಕ್ಟೋಬರ್, ಕೊಯ್ಲು ಮುಗಿದ ಫೆಬ್ರವರಿ. ಫೆಬ್ರವರಿಯೇ ಮೇಲು. ರಸ್ತೆ ಒಣಗಿರುತ್ತದೆ, ಬೆಳಗಿನ ಹವೆ ತಂಪು, ಕೈಯಲ್ಲಿ ಅಷ್ಟಿಷ್ಟು ದುಡ್ಡೂ ಇರುತ್ತದೆ, ಬೆಂಗಳೂರಿನ ಮಕ್ಕಳು ಶನಿವಾರದ ರೈಲಿಗೆ ಊರಿಗೆ ಬರಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು, ಸಹಕಾರ ಸಂಘಗಳು, ಯುವಕ-ಯುವತಿ ಮಂಡಲಗಳು ಸೇರಿ ಈ ಕೆಲಸಕ್ಕೆ ಕೈಹಾಕಲಿ. ಪದಕ, ಟಿ-ಶರ್ಟು, ವೇದಿಕೆ ಆಮೇಲೆ ನೋಡಿದರಾಯಿತು. ಮೊದಲು ಬೇಕಾದದ್ದು ಸರಿಯಾಗಿ ಅಳೆದ ದಾರಿ, ಎರಡೂವರೆ ಕಿ.ಮೀ.ಗೊಂದು ಕಡೆ ಕುಡಿಯುವ ನೀರು, ಒಂದು ಆಂಬುಲೆನ್ಸ್, ತಿರುವುಗಳಲ್ಲಿ ನಿಲ್ಲುವ ಸ್ವಯಂಸೇವಕರು, ಕೊನೆಯವರು ಬರುವ ತನಕ ಬಿಚ್ಚದ ಮುಕ್ತಾಯದ ಗೆರೆ. ಓದುವ ನಿಮಗೆ ಬಿಪಿಯೋ ಎದೆನೋವಿನ ಹಳೆಯ ತೊಂದರೆಯೋ ಇದ್ದರೆ ವೈದ್ಯರನ್ನು ಕೇಳಿ, ಇಲ್ಲದಿದ್ದರೆ ನಾಳೆಯಿಂದಲೇ ವಾರಕ್ಕೆ ಮೂರು ದಿನ ಮೂರು ಕಿಲೋಮೀಟರ್ ನಡೆದು-ಓಡಿ ಶುರುಮಾಡಿ. ಹತ್ತಕ್ಕೆ ಏರಲು ಮೂರು ತಿಂಗಳು ಸಾಕು. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಇನ್ನೊಬ್ಬರನ್ನು ಎಬ್ಬಿಸಿಕೊಂಡು ಹೋಗಿ.